ನೀರ ಮೇಲಿನ ಕಾನೂನು

ಊಟಿಯ ಅಬಕಾರಿ ಕಚೇರಿಯಲ್ಲಿ ನಕಲು ಗುಮಾಸ್ತನಾಗಿ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಸಾರಾಯಿಯ ರುಚಿ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ನಮ್ಮದು ಲಿಂಗ ಕಟ್ಟಿದ ಮನೆ. ಸೋಲೂರಿನ ಕಡೆಯ ನಮ್ಮ ಹಟ್ಟಿಯಲ್ಲಿ ಯಾರಾದರೂ ಕುಡಿದು ಬಂದರೆ ಹಿರಿಯರು ಕೂಟ ಸೇರಿಸಿ ಎಲ್ಲರ ಮುಂದೆ ನಿಲ್ಲಿಸುತ್ತಿದ್ದರು. ನಮ್ಮ ಮನೆಯವನಾದರೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅಂಥವನಿಗೆ ಸರ್ಕಾರ ಕೊಟ್ಟದ್ದು ದಿನವಿಡೀ ಸಾರಾಯಿಯ ಬಗ್ಗೆಯೇ ಬರೆಯುವ ಕೆಲಸ. ಯಾವ ಅಂಗಡಿ ಎಷ್ಟು ಹೊತ್ತಿಗೆ ಬಾಗಿಲು ತೆಗೆಯಬೇಕು, ಎಷ್ಟು ಹೊತ್ತಿಗೆ ಮುಚ್ಚಬೇಕು, ಅಂಗಡಿಯ ಚೆಕ್ಕುಬಂದಿ ಎಲ್ಲಿಂದ ಎಲ್ಲಿಗೆ, ಒಬ್ಬ ಮನುಷ್ಯ ತನ್ನ ಸ್ವಂತಕ್ಕೆಂದು ಎಷ್ಟು ಕೊಂಡೊಯ್ಯಬಹುದು, ಇವನ್ನೆಲ್ಲ ಇಂಗ್ಲಿಷಿನಲ್ಲಿ ದುಂಡಗೆ ಮೂರು ಮೂರು ಪ್ರತಿ ತೆಗೆಯುತ್ತಿದ್ದೆ. ಅಪ್ಪನಿಗೆ ಈ ಕೆಲಸ ಹಿಡಿಸಲಿಲ್ಲ. ಅವ್ವ ಮಾತ್ರ, ಅವನು ಮುಟ್ಟುವುದು ಕಾಗದ ತಾನೇ ಎಂದು ಅಪ್ಪನ ಬಾಯಿ ಮುಚ್ಚಿಸಿದಳು.

ನಿಜ ಹೇಳಬೇಕೆಂದರೆ ನನ್ನನ್ನು ಊಟಿಗೆ ಎಳೆದದ್ದು ಆ ಕೆಲಸವಲ್ಲ, ಅವನು. ಅವನು ನಮ್ಮ ಹಟ್ಟಿಯ ಕೆಳಸಾಲಿನ ಮನೆಯವನು, ನನಗಿಂತ ಆರು ತಿಂಗಳಿಗೆ ದೊಡ್ಡವನು. ಅವರದು ಸಾಮೆ, ಉರುಳಗಡ್ಡೆ ಬೆಳೆಯುವ ಒಕ್ಕಲು ಮನೆ. ಪಾದ್ರಿಗಳ ಕನ್ನಡ ಶಾಲೆಗೆ ನಾವಿಬ್ಬರೂ ಒಂದೇ ಕಂಬಳಿಯ ಕೆಳಗೆ ತಲೆಯಿಟ್ಟುಕೊಂಡು ಮಳೆಯಲ್ಲಿ ನಡೆದು ಹೋಗುತ್ತಿದ್ದೆವು. ಅವನ ಲೆಕ್ಕವನ್ನು ನಾನು ಮಾಡುತ್ತಿದ್ದೆ, ನನ್ನ ಜಗಳವನ್ನು ಅವನು ಆಡುತ್ತಿದ್ದ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಅವನು ನನ್ನನ್ನು ಅಯ್ಯ ಎನ್ನುತ್ತಿದ್ದ, ನಮ್ಮ ಮನೆತನದ ಮೇಲಿನ ಗೌರವಕ್ಕೆ ಅರ್ಧ, ತಮಾಷೆಗೆ ಅರ್ಧ. ನನಗಿಂತ ಎರಡು ವರ್ಷ ಮೊದಲೇ ಅವನು ಊಟಿಗೆ ಬಂದು ಕೆರೆಯ ದೋಣಿಮನೆಯಲ್ಲಿ ಹುಟ್ಟು ಹಾಕುವ ಕೆಲಸಕ್ಕೆ ಸೇರಿದ್ದ. ಬೇಸಿಗೆಗೆ ಬರುವ ದೊರೆಗಳನ್ನೂ ದೊರೆಸಾನಿಯರನ್ನೂ ಕೂರಿಸಿಕೊಂಡು ಕೆರೆ ಸುತ್ತಿಸುವುದು, ಉಳಿದ ತಿಂಗಳುಗಳಲ್ಲಿ ದೋಣಿಗಳಿಗೆ ಬಣ್ಣ ಬಳಿದು ಕಾಯುವುದು. ಆ ಎರಡು ವರ್ಷ ಹಟ್ಟಿಯಲ್ಲಿ ನಾನು ಒಬ್ಬನೇ ಹೇಗೆ ದಿನ ಕಳೆದೆ ಎಂದು ಅವನಿಗೆ ಯಾವತ್ತೂ ಹೇಳಲಿಲ್ಲ. ಪರೀಕ್ಷೆಗೆ ಕಟ್ಟಿದ್ದು, ಪಾಸಾದದ್ದು, ಕೆರೆ ಕಾಣುವ ಹಾಗೆ ಕೋಣೆ ಹುಡುಕಿದ್ದು, ಎಲ್ಲ ಅವನಿದ್ದ ಊರಿಗೆ ಬಂದು ಸೇರುವುದಕ್ಕೆ.

ಮೊದಲ ವರ್ಷ ಸುಖವಾಗಿತ್ತು. ಕಚೇರಿ ಬಿಟ್ಟ ಮೇಲೆ ನಾನು ದೋಣಿಮನೆಗೆ ಹೋಗುತ್ತಿದ್ದೆ. ಅವನು ಕೈಗೆ ಹತ್ತಿದ ಬಣ್ಣ ಒರೆಸಿಕೊಂಡು ಬರುತ್ತಿದ್ದ. ಇಬ್ಬರೂ ಕೆರೆಯ ದಂಡೆ ಹಿಡಿದು ನಡೆದು ನನ್ನ ಕೋಣೆ ಸೇರಿ, ಅನ್ನ ಬೇಯಿಸಿ, ಅವರೆಕಾಳಿನ ಸಾರು ಮಾಡಿಕೊಂಡು ಉಣ್ಣುತ್ತಿದ್ದೆವು. ಮೊದಲ ಸಂಬಳದಲ್ಲಿ ನಾನು ಅವನಿಗೊಂದು ಕಂದು ಬಣ್ಣದ ಉಣ್ಣೆ ಮಫ್ಲರು ಕೊಡಿಸಿದೆ. ಅವನು ಅದನ್ನು ತಲೆಗೂ ಕಿವಿಗೂ ಸುತ್ತಿಕೊಂಡು, ದೋಣಿ ನಡೆಸುವಾಗ ಒಬ್ಬಳು ದೊರೆಸಾನಿ ಚೆನ್ನಾಗಿದೆ ಎಂದಳೆಂದು ಬಂದು ಹೇಳಿದ. ನನಗೇ ಯಾರೋ ಹಾರ ಹಾಕಿದಂತಾಯಿತು.

ಆಮೇಲೆ ಗಾಡಿಯವನು ಬಂದ.

ಅವನು ಮಸಿನಗುಡಿಯವನು. ವಾರಕ್ಕೆ ಎರಡು ಸಲ ಸೀಗೂರು ಘಾಟಿಯ ಮೇಲೆ ಎತ್ತಿನ ಗಾಡಿಯಲ್ಲಿ ಬಿದಿರು, ಇದ್ದಿಲು, ಕೆಲವು ಸಲ ಜೇನು ಹೇರಿಕೊಂಡು ಬರುತ್ತಿದ್ದ. ದೋಣಿಮನೆಯ ಅಟ್ಟಣೆ ಕಟ್ಟುವುದಕ್ಕೆ ಬಿದಿರು ತಂದವನು ಒಂದು ದಿನ ಅಲ್ಲೇ ಕೂತು ಮಾತಿಗೆ ತೊಡಗಿದನಂತೆ. ನಾನು ಕಚೇರಿ ಬಿಟ್ಟು ಹೋದಾಗಲೂ ಕೂತಿದ್ದ. ಕಪ್ಪಗೆ, ಗಿಡ್ಡಗೆ, ಮುಂದಿನ ಒಂದು ಹಲ್ಲು ಮುರಿದ ಮನುಷ್ಯ. ಕಲ್ಲಟ್ಟಿಯ ಇಳಿಜಾರಿನಲ್ಲಿ ಆನೆ ಅಡ್ಡ ಬಂದು ತನ್ನ ಎತ್ತುಗಳು ಹಿಂದಕ್ಕೆ ಹಿಂದಕ್ಕೆ ನಡೆದು ಗಾಡಿಯನ್ನು ಮತ್ತೆ ಊಟಿಯ ಕಡೆಗೇ ಹತ್ತಿಸಿದವು ಎಂದು ಹೇಳುತ್ತಿದ್ದ. ಶುದ್ಧ ಸುಳ್ಳು. ಆದರೆ ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಷ್ಟು ನಗುವುದನ್ನು ನಾನು ನೋಡಿರಲಿಲ್ಲ. ಇಪ್ಪತ್ತು ವರ್ಷದಿಂದ ಜೊತೆಗಿದ್ದೇನೆ, ನನ್ನ ಮಾತಿಗೆ ಅವನು ಹೀಗೆ ನಕ್ಕದ್ದು ಯಾವಾಗ ಎಂದು ಅಲ್ಲಿ ನಿಂತೇ ಲೆಕ್ಕ ಹಾಕಿದೆ. ನೆನಪಿಗೆ ಬರಲಿಲ್ಲ.

ಕುಡಿತ ಶುರುವಾದದ್ದು ಗಾಡಿಯವನಿಂದ ಎಂದು ನಾನು ಬಹಳ ದಿನ ನಂಬಿದ್ದೆ. ಹಾಗೇನೂ ಅಲ್ಲ. ಚಳಿಯಲ್ಲಿ ನೀರಿನ ಮೇಲೆ ಕೆಲಸ ಮಾಡುವವನು ಮೊದಲೇ ಅಷ್ಟಿಷ್ಟು ಕುಡಿಯುತ್ತಿದ್ದಿರಬೇಕು. ನನಗೆ ಹೇಳಿರಲಿಲ್ಲ, ಅಷ್ಟೆ. ಪೇಟೆಯ ಸಾರಾಯಿ ಅಂಗಡಿಯಲ್ಲಿ ಕೂತರೆ ಹಟ್ಟಿಯವರ ಕಣ್ಣಿಗೆ ಬೀಳುವ ಭಯ. ಕೊಂಡು ತಂದು ದಾರಿಯಲ್ಲಿ ಕುಡಿದರೆ ಪೋಲೀಸಿನವನ ಕಾಟ. ಆದ್ದರಿಂದ ಅವರಿಬ್ಬರೂ ಒಂದು ಉಪಾಯ ಕಂಡುಕೊಂಡರು. ಬೇಸಿಗೆಯ ಸೀಸನ್ ಮುಗಿದು ದೊರೆಗಳೆಲ್ಲ ಕೆಳಗಿಳಿದು ಹೋದ ಮೇಲೆ ಕೆರೆ ಖಾಲಿ. ಭಾನುವಾರ ಮಧ್ಯಾಹ್ನ ದೊಡ್ಡ ದೋಣಿಯನ್ನು ದಂಡೆಯಿಂದ ಬಿಡಿಸಿ, ಕೆರೆಯ ನಡುವೆ ಕೊಂಡೊಯ್ದು, ಸರಪಳಿಗೆ ಕಟ್ಟಿದ ಕಲ್ಲಿನ ಲಂಗರು ಇಳಿಸಿ, ಅಲ್ಲೇ ಕೂತು ಕುಡಿಯುವುದು. ಹಟ್ಟಿಯ ಹಿರಿಯರು ಅಲ್ಲಿಗೆ ಬರುವಂತಿಲ್ಲ, ಪೋಲೀಸಿನವನಿಗೆ ದೋಣಿ ನಡೆಸುವುದು ಗೊತ್ತಿಲ್ಲ. ದೋಣಿಮನೆಯ ಮುದಿ ದೊರೆ ಭಾನುವಾರ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ನನ್ನನ್ನೂ ಒಮ್ಮೆ ಕರೆದರು. ಹೋದೆ. ಅಣ್ಣ ನನಗೆಂದು ಹುರಿದ ಕಡಲೆಕಾಯಿ ಒಂದು ಪೊಟ್ಟಣ ತಂದಿಟ್ಟಿದ್ದ. ದೋಣಿಯ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಅವರಿಬ್ಬರು, ನಡುವೆ ಸಾರಾಯಿಯ ಡಬ್ಬ. ತುಂತುರು ಬೀಳುತ್ತಿತ್ತು. ಅವರು ಅರ್ಧಕ್ಕೆ ನಿಲ್ಲಿಸಿದ್ದ ಯಾವುದೋ ಹಳೆಯ ಕತೆಯನ್ನು ಅರ್ಧದಿಂದಲೇ ಎತ್ತಿಕೊಂಡರು. ಮೊದಲರ್ಧ ಗೊತ್ತಿಲ್ಲದ ನಾನು ಅವರು ನಕ್ಕಾಗ ನಗುತ್ತ, ಕಡಲೆಕಾಯಿ ಸುಲಿಯುತ್ತ ಕೂತೆ. ಗಾಳಿ ಜೋರಾಗಿ ದೋಣಿ ಒಂದಿಷ್ಟು ವಾಲಿತು. ಗಾಡಿಯವನು ಥಟ್ಟನೆ ಅಣ್ಣನ ತೋಳು ಹಿಡಿದು, "ಗಟ್ಟಿ ಕೂತ್ಕೋ ಮಾರಾಯ, ಬಿದ್ರೆ ನಿಂಗೆ ಈಜು ಬರಾಕಿಲ್ಲ" ಎಂದ.

ನನಗೆ ಗೊತ್ತೇ ಇರಲಿಲ್ಲ. ಮೂರು ವರ್ಷದಿಂದ ದೋಣಿ ನಡೆಸುವವನಿಗೆ ಈಜು ಬಾರದು ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮ ಹಟ್ಟಿಯಲ್ಲಿ ಯಾರಿಗೂ ಬಾರದು, ನನಗೂ ಬಾರದು, ಯೋಚಿಸಿದ್ದರೆ ಹೊಳೆಯುತ್ತಿತ್ತು. ಆದರೆ ಅಣ್ಣನಿಗೆ ಎಲ್ಲ ಬರುತ್ತದೆ ಎಂದೇ ನಾನು ಎಣಿಸಿದ್ದೆ. ನೀರೆಂದರೆ ಅವನಿಗೆ ಹೆದರಿಕೆ, ರಾತ್ರಿ ಕನಸಿನಲ್ಲೂ ಮುಳುಗುತ್ತಾನೆ, ಇದನ್ನೆಲ್ಲ ಅವನು ಆರು ವಾರದ ಪರಿಚಯದವನಿಗೆ ಹೇಳಿಕೊಂಡಿದ್ದ. ಅಣ್ಣ ನನ್ನ ಕಡೆ ನೋಡಿ ಸ್ವಲ್ಪ ನಾಚಿಕೊಂಡು, ದೊರೆಗೆ ಹೇಳಿಬಿಟ್ಟೀಯ, ಕೆಲಸ ಹೋದೀತು ಎಂದ. ನಾನು ಯಾರಿಗೆ ಏನು ಹೇಳುತ್ತೇನೆ ಎಂಬ ಅನುಮಾನ ಅವನಿಗೆ ಬಂದದ್ದೂ ಅದೇ ಮೊದಲು. ಆ ದಿನದ ಮೇಲೆ ಮತ್ತೆ ಕರೆದರೆ ತಲೆನೋವು ಎಂದೆ. ಎರಡು ಸಲ ಹಾಗೆಂದ ಮೇಲೆ ಕರೆಯುವುದನ್ನೇ ಬಿಟ್ಟರು. ಬಿಟ್ಟರಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ನಾನು ಮಾಡಿದ ತಪ್ಪು ನಡೆದದ್ದು ಇದಾಗಿ ಒಂದು ತಿಂಗಳಿಗೆ. ಪೇಟೆಯ ಬೋರ್ಡಿಂಗು ಮನೆಗಳ ಒಂದಿಬ್ಬರು ಬಟ್ಲರುಗಳು, ಕುದುರೆ ಲಾಯದ ಆಳುಗಳು ನಾವೂ ಬರುತ್ತೇವೆ ಎಂದು ಅವರ ಹಿಂದೆ ಬಿದ್ದಿದ್ದರು. ದೋಣಿಗೆ ಬಾಡಿಗೆಯೆಂದು ಏನಾದರೂ ಕೊಡುತ್ತೇವೆ, ಕುಡಿಯುವುದಕ್ಕೆ ನೀವೇ ಕೊಡಿ ಎಂದಿದ್ದರು. ಒಂದು ಸಂಜೆ ನಾನು ಕಚೇರಿಯಿಂದ ಬರುವಾಗ ಅಣ್ಣನೂ ಗಾಡಿಯವನೂ ದಂಡೆಯ ಮೇಲೆ ನಿಂತಿದ್ದರು. ಅಣ್ಣ ನನ್ನನ್ನು ಕಂಡು ಕೈ ಬೀಸಿ ಕರೆದ.

"ಅಯ್ಯ, ನೀ ಆ ಆಫೀಸಿನಲ್ಲಿ ಇದ್ದೀಯೆ. ಒಂದು ಹೇಳು. ನೀರ ಮೇಲೆ ಕಾನೂನು ಉಂಟಾ?"

ಏನು ಹಾಗೆಂದರೆ ಎಂದು ಕೇಳಿದೆ. ಅಂಗಡಿಗೆ ಲೈಸೆನ್ಸು ಬೇಕು, ಮನೆಯಲ್ಲಿ ಮಾರಿದರೆ ತಪ್ಪು, ಅದೆಲ್ಲ ನೆಲದ ಮೇಲಿನ ಮಾತು. ಕೆರೆಯ ನಡುವೆ ಲಂಗರು ಹಾಕಿದ ದೋಣಿಯಲ್ಲಿ ನಾಲ್ಕು ಜನ ಕುಡಿದು ಬಾಡಿಗೆ ಕೊಟ್ಟರೆ ಯಾರು ಏನನ್ನುತ್ತಾರೆ ಎಂದು ಅವನು ವಿವರಿಸಿದ.

ಅಬಕಾರಿ ಕಾಯಿದೆಯನ್ನು ನಾನು ಒಂದಲ್ಲ, ಮೂರು ಸಲ ನಕಲು ಮಾಡಿದ್ದೆ. ಅದರ ಮೊದಲಿನಲ್ಲೇ ಯಾವ ಮಾತಿಗೆ ಏನು ಅರ್ಥ ಎಂದು ಬರೆದಿರುತ್ತದೆ. ಸ್ಥಳ ಎಂದರೆ ಮನೆ, ಅಂಗಡಿ ಮಾತ್ರವಲ್ಲ, ಗುಡಾರ, ಗಾಡಿ, ದೋಣಿ, ತೆಪ್ಪ ಕೂಡ ಸೇರುತ್ತವೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಹೇಳುವುದಕ್ಕೆ ಬಾಯಿ ತೆರೆದೆ ಕೂಡ. ಆಗ ಗಾಡಿಯವನು ನನ್ನ ಕಡೆ ತಿರುಗಿದ. ಅವನ ಕಿವಿಗೆ ಸುತ್ತಿದ್ದುದು ನಾನು ಕೊಡಿಸಿದ ಕಂದು ಮಫ್ಲರು. ಅಣ್ಣನೇ ಕೊಟ್ಟಿದ್ದನೋ, ಚಳಿಗೆಂದು ಅವನೇ ಎಳೆದುಕೊಂಡಿದ್ದನೋ. ಅವನಿಗೆ ಅದು ಯಾರು ಕೊಟ್ಟದ್ದು ಎಂದೂ ಗೊತ್ತಿರಲಿಕ್ಕಿಲ್ಲ.

"ನಾನು ಬರೆದದ್ದರಲ್ಲಿ ನೀರಿನ ಮಾತು ಎಲ್ಲೂ ಕಂಡಿಲ್ಲ, ಅಣ್ಣ" ಎಂದೆ.

ಮಾತಿಗೆ ಮಾತು ಹಿಡಿದರೆ ಸುಳ್ಳಲ್ಲ. ಅಲ್ಲಿ ನೀರು ಎಂದು ಬರೆದಿರಲಿಲ್ಲ, ದೋಣಿ ಎಂದು ಬರೆದಿತ್ತು. ಕೋಣೆಗೆ ಹೋಗುವವರೆಗೆ ಇದನ್ನೇ ನನಗೆ ನಾನೇ ಹೇಳಿಕೊಂಡೆ. ಅಣ್ಣನಿಗೆ ಕೆಡುಕಾಗಲಿ ಎಂದು ಬಯಸಿದೆನೇ? ಇಲ್ಲ. ಗಾಡಿಯವನಿಗೆ ಆಗಲಿ ಎಂದು ಬಯಸಿದೆ. ಏನಾದರೂ ಒಂದು ಗದ್ದಲವಾಗಿ, ಆ ಮನುಷ್ಯ ಹೆದರಿ ಘಾಟಿ ಇಳಿದು ಹೋಗಿ, ಅಣ್ಣ ಮತ್ತೆ ನನ್ನ ಕೋಣೆಯ ಅನ್ನಕ್ಕೆ ಬರಲಿ ಎಂದು ಬಯಸಿದೆ.

ಭಾನುವಾರದ ದೋಣಿ ತುಂಬತೊಡಗಿತು. ನಾನು ಆ ಹೊತ್ತಿಗೆ ಕೆರೆಯ ಸುತ್ತ ನಡೆಯುತ್ತಿದ್ದೆ, ಬೇರೆ ಕಡೆ ಹೋಗಲು ಮನಸ್ಸು ಒಪ್ಪುತ್ತಿರಲಿಲ್ಲ. ನೀಲಗಿರಿ ಮರಗಳ ಸಂದಿನಿಂದ ದೋಣಿ ಕಾಣಿಸುತ್ತಿತ್ತು. ನೀರಿನ ಮೇಲೆ ಮಾತು ಎಷ್ಟು ದೂರ ಕೇಳುತ್ತದೆಂದರೆ ಯಾರು ನಕ್ಕರು ಎಂದು ಬೇರೆ ಬೇರೆಯಾಗಿ ಹೇಳಬಹುದಿತ್ತು. ಬಟ್ಲರುಗಳ ನಗೆ ನನಗೆ ಬೇಕಿರಲಿಲ್ಲ. ಅಣ್ಣನ ನಗೆ ಬಂದಾಗಲೆಲ್ಲ ಅದರ ಹಿಂದೆಯೇ ಗಾಡಿಯವನ ಧ್ವನಿ ಬರುತ್ತದೋ ಎಂದು ಕಿವಿಗೊಡುತ್ತಿದ್ದೆ. ಬರುತ್ತಿತ್ತು. ಒಂದು ಭಾನುವಾರ ಗಾಡಿಯವನು ಬಂದಿರಲಿಲ್ಲ. ಆ ದಿನ ದೋಣಿ ಬೇಗ ದಂಡೆಗೆ ಬಂತು. ಅಣ್ಣ ನನ್ನನ್ನು ನೋಡಿ, ಇವತ್ತು ಸಪ್ಪೆ ಎಂದ. ಬಾ ಅಣ್ಣ, ಊಟ ಮಾಡೋಣ ಎಂದೆ. ಬಂದ. ಉಂಡ. ಎತ್ತಿಗೆ ಏನಾದರೂ ಆಯಿತೋ ಏನೋ, ಇಲ್ಲದಿದ್ದರೆ ಅವನು ತಪ್ಪಿಸುವವನಲ್ಲ ಎಂದು ಊಟದ ಉದ್ದಕ್ಕೂ ಗಾಡಿಯವನ ಮಾತೇ ಆಡಿದ.

ಆಡಿ ತಿಂಗಳ ಮುಂಗಾರು ಗಾಳಿ ಜೋರಾದ ಹೊತ್ತಿಗೆ ಪೇಟೆಯ ಸಾರಾಯಿ ಅಂಗಡಿಯವನಿಂದ ಕಚೇರಿಗೆ ದೂರು ಬಂತು. ಭಾನುವಾರ ತನ್ನ ಗಿರಾಕಿಗಳೆಲ್ಲ ಕೆರೆಗೆ ಹೋಗುತ್ತಾರೆ, ತಾನು ಲೈಸೆನ್ಸು ಪಡೆದು ಮಾರುವುದಕ್ಕೆ ಅರ್ಥವೇನು ಎಂದು. ನಮ್ಮ ಇನ್ಸ್‌ಪೆಕ್ಟರು ತಂಜಾವೂರಿನ ಕಡೆಯವರು, ವಯಸ್ಸಾದವರು, ಯಾರ ಮೇಲೂ ಹಗೆಯಿಲ್ಲದ ಮನುಷ್ಯ. ದೂರು ಬಂದ ಮೇಲೆ ಹೋಗದೆ ಇರುವಂತಿರಲಿಲ್ಲ. ಬರುವ ಭಾನುವಾರ ಮಧ್ಯಾಹ್ನ ಕೆರೆಯಲ್ಲಿ ದೋಣಿ ತಪಾಸಣೆ ಎಂದು ಶುಕ್ರವಾರ ಆರ್ಡರು ಬರೆದರು. ನಕಲು ತೆಗೆದವನು ನಾನು. ಮಹಜರು ಬರೆಯುವುದಕ್ಕೆ ನೀನೂ ಬರಬೇಕು ಎಂದರು.

ಶನಿವಾರ ಸಂಜೆ ಅಣ್ಣ ನನ್ನ ಕೋಣೆಗೆ ಬಂದ. ಕೈಯಲ್ಲಿ ಒಂದು ಸೀಸೆ ಜೇನು. ಗಾಡಿಯವನು ನನಗೆಂದು ಕಾಡಿನಿಂದ ತಂದದ್ದಂತೆ. ಅಯ್ಯನವರಿಗೆ ಸಾರಾಯಿ ಆಗದು, ಇದಾದರೂ ಆದೀತು ಎಂದನಂತೆ. ಸೀಸೆ ಕಿಟಕಿಯಲ್ಲಿಟ್ಟೆ. ಕೂತುಕೋ ಅಣ್ಣ, ಒಂದು ಮಾತಿದೆ ಎಂದೆ. ಹೌದು, ಹೇಳಬೇಕೆಂದೇ ಇದ್ದೆ. ಅವನು ಬಾಗಿಲಲ್ಲೇ ನಿಂತು, ಗಾಡಿಯವನು ಕೆಳಗೆ ರಸ್ತೆಯಲ್ಲಿ ಕಾಯುತ್ತಿದ್ದಾನೆ, ನಾಳೆ ಹೇಳು ಎಂದು ಮೆಟ್ಟಿಲಿಳಿದು ಹೋದ. ಕಿಟಕಿಯಿಂದ ಬಗ್ಗಿ ನೋಡಿದೆ. ಗಾಡಿಯ ಮುಂದಿನ ಹಲಗೆಯ ಮೇಲೆ ಇಬ್ಬರೂ ಭುಜಕ್ಕೆ ಭುಜ ಕೊಟ್ಟು ಕೂತು ಹೋಗುತ್ತಿದ್ದರು. ಕರೆದಿದ್ದರೆ ಕೇಳುವಷ್ಟು ಹತ್ತಿರವೇ ಇದ್ದರು. ನಾನು ಕರೆಯಲಿಲ್ಲ.

ಭಾನುವಾರ ಗಾಳಿಯೂ ಮಂಜೂ ಒಟ್ಟಿಗೆ ಇದ್ದವು. ನಮ್ಮ ಕಚೇರಿಯಲ್ಲಿ ಯಾರಿಗೂ ದೋಣಿ ನಡೆಸಲು ಬಾರದು. ದೋಣಿಮನೆಯ ಆಳಾದ ಒಬ್ಬ ಮುದುಕನನ್ನು ಹುಟ್ಟು ಹಾಕುವುದಕ್ಕೆ ಕೂರಿಸಿಕೊಂಡೆವು. ಇನ್ಸ್‌ಪೆಕ್ಟರು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡೇ ಬಂದರು. ಒಬ್ಬ ಜವಾನ, ಮತ್ತೆ ನಾನು. ನನ್ನ ತೊಡೆಯ ಮೇಲೆ ಕಾಗದದ ತಗಡಿನ ಪೆಟ್ಟಿಗೆ, ಕೈಯಲ್ಲಿ ಮಸಿಕುಡಿಕೆ. ಹತ್ತಿರ ಬರುವವರೆಗೂ ಅವರು ನಮ್ಮನ್ನು ಗಮನಿಸಲಿಲ್ಲ. ಗಮನಿಸಿದಾಗ ಅಣ್ಣ ಮೊದಲು ಕಂಡದ್ದು ನನ್ನನ್ನು. ಅವನ ಮುಖ ಅರಳಿತು. ಕೊನೆಗೂ ಬಂದೆಯಲ್ಲ ಎನ್ನುವ ಹಾಗೆ ಕೈ ಎತ್ತಿದ. ಆಮೇಲೆ ಜವಾನನ ಬೆಲ್ಟು ಕಂಡು ಕೈ ಇಳಿಸಿದ.

ಗಾಡಿಯವನು ಬುದ್ಧಿ ಓಡಿಸಿದ. ಸಾರಾಯಿ ತುಂಬಿ ತಂದಿದ್ದ ಹಳೆಯ ಸೀಮೆಎಣ್ಣೆ ಡಬ್ಬವನ್ನು ಎತ್ತಿ ಆಚೆ ಬದಿಯಿಂದ ನೀರಿಗೆ ಬಿಟ್ಟ. ಮುಕ್ಕಾಲು ಖಾಲಿಯಾಗಿ, ಬಿರಡೆ ಬಿಗಿಯಾಗಿದ್ದ ಡಬ್ಬ ಮುಳುಗಲಿಲ್ಲ, ದೋಣಿಯ ಪಕ್ಕದಲ್ಲೇ ತೇಲುತ್ತ ನಿಂತಿತು. ಇನ್ಸ್‌ಪೆಕ್ಟರು ಕಣ್ಣು ತೆರೆದು ಅದನ್ನು ನೋಡಿದರು. ಸಿಟ್ಟಿಲ್ಲದೆ, ಅದನ್ನು ಎತ್ತಿಕೊಡು ಎಂದು ಅಣ್ಣನಿಗೆ ಹೇಳಿದರು. ಅಣ್ಣ ಹುಟ್ಟು ಚಾಚಿ ಡಬ್ಬವನ್ನು ಎಳೆಯಲು ಬಗ್ಗಿದ. ಏನಾಗುತ್ತದೆಂದು ನೋಡಲು ಬಟ್ಲರುಗಳೆಲ್ಲ ಅದೇ ಬದಿಗೆ ಸರಿದರು. ದೋಣಿ ವಾಲಿತು. ಅಣ್ಣ ತಲೆಕೆಳಗಾಗಿ ನೀರಿಗೆ ಬಿದ್ದ.

ಅವನಿಗೆ ಈಜು ಬಾರದೆಂದು ಅಲ್ಲಿ ಗೊತ್ತಿದ್ದವರು ಇಬ್ಬರು. ಒಬ್ಬ ಉಟ್ಟ ಪಂಚೆ, ಹೊದ್ದ ಕಂಬಳಿಯ ಸಮೇತ ಆಗಲೇ ನೀರಿನಲ್ಲಿದ್ದ. ಇನ್ನೊಬ್ಬ ಮಸಿಕುಡಿಕೆ ಹಿಡಿದು ಕೂತಿದ್ದ. ನನಗೂ ಈಜು ಬಾರದು ಎಂಬುದು ನಿಜ. ಆದರೆ ನಮ್ಮ ದೋಣಿಗೂ ಅವನಿಗೂ ಒಂದು ಮಾರಿನ ಅಂತರ. ಕೈ ಚಾಚಬಹುದಿತ್ತು, ಕಂಬಳಿಯ ತುದಿ ಎಸೆಯಬಹುದಿತ್ತು, ಕೂಗಬಹುದಿತ್ತು. ಗಾಡಿಯವನು ಅವನ ಕೊರಳಪಟ್ಟಿ ಹಿಡಿದು ನಮ್ಮ ದೋಣಿಯ ಅಂಚಿಗೆ ತಂದು ಒತ್ತಿದಾಗ ಜವಾನ ಮೇಲೆಳೆದುಕೊಂಡ. ಅಣ್ಣ ಕೆಮ್ಮುತ್ತ, ನಡುಗುತ್ತ ನನ್ನ ಕಾಲ ಬಳಿ ಬಿದ್ದುಕೊಂಡ. ಅವನ ಕಣ್ಣು ಮಾತ್ರ ದೋಣಿ ಹತ್ತಲು ಒದ್ದಾಡುತ್ತಿದ್ದ ಗಾಡಿಯವನ ಮೇಲಿತ್ತು. ನನ್ನ ಕೈಯ ಮಸಿಕುಡಿಕೆಯಿಂದ ಒಂದು ಹನಿಯೂ ಚೆಲ್ಲಿರಲಿಲ್ಲ.

ದಂಡೆಗೆ ಬಂದು, ದೋಣಿಮನೆಯ ಒಲೆಯ ಮುಂದೆ ಅವರಿಬ್ಬರನ್ನೂ ಕೂರಿಸಿ, ಮಹಜರು ಬರೆದೆವು. ಅಚ್ಚು ಹಾಕಿದ ಕಾಗದದಲ್ಲಿ ಸ್ಥಳದ ಚೆಕ್ಕುಬಂದಿ ತುಂಬಬೇಕಿತ್ತು. ಏನು ಬರೆಯಲಿ ಎಂದು ಕೇಳಿದೆ. ಇನ್ಸ್‌ಪೆಕ್ಟರು, ನಾಲ್ಕು ದಿಕ್ಕಿಗೂ ನೀರು ಎಂದು ಬರೆ ಎಂದರು. ಬರೆದೆ. ಅಣ್ಣ ಅದೇ ತನ್ನ ವಾದ ಎಂದ. ಸುತ್ತ ನೀರು, ಅಂಗಡಿಯಲ್ಲ, ಮನೆಯಲ್ಲ, ಅವರು ಕೊಟ್ಟದ್ದು ದೋಣಿಯ ಬಾಡಿಗೆ ಎಂದ. ಇನ್ಸ್‌ಪೆಕ್ಟರು ತಮ್ಮ ಒದ್ದೆ ಬೂಟು ಬಿಚ್ಚುತ್ತ, ಲಂಗರು ಹಾಕಿ ನಿಲ್ಲಿಸಿದ ದೋಣಿಗೆ ಯಾರಪ್ಪ ಬಾಡಿಗೆ ಕೊಡುತ್ತಾರೆ ಎಂದು ಕೇಳಿದರು. ಆಮೇಲೆ ಕಾಯಿದೆಯ ಅರ್ಥ ವಿವರಿಸಿ, ದೋಣಿಯೂ ಸ್ಥಳವೇ ಎಂದು ತಿಳಿಸಿ, ನೀರಿನ ಮೇಲೆ ಅಡ್ಡಿಯಿಲ್ಲ ಎಂದು ನಿನಗೆ ಯಾರು ಹೇಳಿದರು ಎಂದರು.

ನನ್ನ ಲೇಖನಿ ನಿಂತಿತು. ಅಣ್ಣ ನನ್ನ ಕಡೆ ನೋಡಲೂ ಇಲ್ಲ.

"ಯಾರೂ ಹೇಳಲಿಲ್ಲ, ಸ್ವಾಮಿ. ನಾನೇ ಅಂದುಕೊಂಡೆ."

ಅದನ್ನೂ ನನ್ನ ಕೈಯಲ್ಲೇ ಬರೆದೆ.

ಡಬ್ಬ ತನ್ನದು, ತಂದವನು ತಾನು, ದೋಣಿಯವನದು ಏನೂ ತಪ್ಪಿಲ್ಲ ಎಂದು ಗಾಡಿಯವನು ಮ್ಯಾಜಿಸ್ಟ್ರೇಟರ ಮುಂದೆ ಹೇಳಿದ. ಇಲ್ಲ, ದೋಣಿ ಬಿಟ್ಟವನು ನಾನು ಎಂದು ಅಣ್ಣ ಹೇಳಿದ. ಕೊನೆಗೆ ಇಬ್ಬರಿಗೂ ಒಂದೊಂದು ತಿಂಗಳ ಸಜೆಯಾಯಿತು. ಇಬ್ಬರನ್ನೂ ಒಂದೇ ಗಾಡಿಯಲ್ಲಿ ಬೆಟ್ಟದ ಕೆಳಗಿನ ಜೈಲಿಗೆ ಕಳುಹಿಸಿದರು. ಜನ ನನ್ನನ್ನು ಕರುಣೆಯಿಂದ ನೋಡಿದರು. ಆಪ್ತ ಗೆಳೆಯನ ಮೇಲೆ ತಾನೇ ಮಹಜರು ಬರೆಯಬೇಕಾಗಿ ಬಂತಲ್ಲ ಪಾಪ ಎಂದರು. ಆ ತಿಂಗಳು ನಾನು ಅಳಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಅವರು ಒಂದೇ ಕೋಣೆಯಲ್ಲಿದ್ದಾರೋ ಬೇರೆ ಬೇರೆಯೋ, ಒಂದೇ ಕೆಲಸ ಕೊಟ್ಟಿದ್ದಾರೋ, ರಾತ್ರಿ ಮಾತಾಡಲು ಬಿಡುತ್ತಾರೋ ಎಂದು ಯೋಚಿಸುತ್ತಿದ್ದೆ. ಜೈಲಿನ ಮೇಲೂ ಹೊಟ್ಟೆಕಿಚ್ಚು ಪಡಬಹುದು ಎಂದು ನನಗೆ ಆಗ ಗೊತ್ತಾಯಿತು.

ಬಿಡುಗಡೆಯ ದಿನ ಅವನಿಗೆಂದು ಅನ್ನ ಮಾಡಿಟ್ಟು ಕಾದೆ. ಬರಲಿಲ್ಲ. ದೋಣಿಮನೆಯ ಕೆಲಸ ಹೋಗಿತ್ತು, ಹಟ್ಟಿಗೆ ಹೋದರೆ ಕೂಟದ ಮುಂದೆ ನಿಲ್ಲಬೇಕು. ಅವನು ನೇರವಾಗಿ ಗಾಡಿಯವನ ಜೊತೆ ಮಸಿನಗುಡಿಗೆ ಹೋದನೆಂದು ನಾಲ್ಕು ದಿನದ ಮೇಲೆ ಇದ್ದಿಲಿನವನೊಬ್ಬ ಹೇಳಿದ. ಆಮೇಲೆ ಅವನು ಊಟಿಗೆ ಬರಲೇ ಇಲ್ಲ. ಅಲ್ಲೇ ಎತ್ತು ಕಟ್ಟಿದ, ಅಲ್ಲೇ ಮದುವೆಯಾದ. ಅವನ ತಾಯಿ ತೀರಿಕೊಂಡಾಗ ಹಟ್ಟಿಗೆ ಬಂದವನು ನನ್ನ ಹೆಗಲ ಮೇಲೆ ಕೈಯಿಟ್ಟು, ಹೇಗಿದ್ದೀಯೆ ಅಯ್ಯ ಎಂದು ಕೇಳಿ, ಜನರ ನಡುವೆ ಸರಿದುಹೋದ. ಗಾಡಿಯವನೂ ಬಂದಿದ್ದ. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಲಿಂಗ ಕಟ್ಟಿದ ನಮ್ಮ ಮನೆಯವರು ಹೀಗೆ ಹೆಗಲು ಕೊಡುವ ಪದ್ಧತಿಯಿಲ್ಲ. ನಾನು ದೂರ ನಿಂತಿದ್ದೆ.

ಆ ವರ್ಷಗಳಲ್ಲಿ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತ್ತು. ಯಾರೂ ಹೇಳಲಿಲ್ಲ ಎಂದು ಅವನು ನನ್ನನ್ನು ಉಳಿಸಿದ್ದ. ನನ್ನ ಹೆಸರು ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ತನಗೆ ಕೆಡುಕು ಮಾಡಿದವನೆಂದು ಗೊತ್ತಿದ್ದೂ ನನಗಾಗಿ ಬಾಯಿ ಮುಚ್ಚಿಕೊಂಡ. ನೆನೆದರೆ ನಾಚಿಕೆಯಾಗುತ್ತಿತ್ತು, ಆ ನಾಚಿಕೆಯ ಒಳಗೇ ಒಂದು ಹೆಮ್ಮೆಯೂ ಇತ್ತು. ಗಾಡಿಯವನಿಗೆ ಪಾಲಿಲ್ಲದ ಒಂದು ಋಣ ನಮ್ಮಿಬ್ಬರ ನಡುವೆ ಇದೆ, ನನಗಾಗಿ ಅವನು ಜೈಲಿಗೆ ಹೋಗಿದ್ದಾನೆ, ಹಾಗೆ ಗಾಡಿಯವನಿಗಾಗಿ ಹೋಗಿಲ್ಲ. ಇದನ್ನು ನಾನು ಹನ್ನೆರಡು ವರ್ಷ ಬಚ್ಚಿಟ್ಟುಕೊಂಡು ಬದುಕಿದೆ.

ಹನ್ನೆರಡನೆಯ ವರ್ಷ ಕಚೇರಿಯ ಕೆಲಸದ ಮೇಲೆ ಮಸಿನಗುಡಿಗೆ ಹೋಗಬೇಕಾಯಿತು. ಕೆಲಸ ಬೆಳಿಗ್ಗೆಯೇ ಮುಗಿಯಿತು. ಅವನ ಮನೆ ಕೇಳಿಕೊಂಡು ಹೋದೆ. ಒಂದೇ ಬೇಲಿಯೊಳಗೆ ಎರಡು ಮನೆ, ಒಂದು ಅವನದು, ಒಂದು ಗಾಡಿಯವನದು, ನಡುವೆ ಎತ್ತಿನ ಕೊಟ್ಟಿಗೆ. ಅಣ್ಣನ ಕೂದಲು ಆಗಲೇ ಅಲ್ಲಲ್ಲಿ ನೆರೆತಿತ್ತು. ನನ್ನನ್ನು ಕಂಡು ನಿಜವಾಗಿಯೂ ಖುಷಿಪಟ್ಟ. ಅವನ ಹೆಂಡತಿ ರಾಗಿರೊಟ್ಟಿ, ಬೆಣ್ಣೆ ತಂದಿಟ್ಟಳು. ಗಾಡಿಯವನು ಹೊಲಕ್ಕೆ ಹೋಗಿದ್ದ. ಅಷ್ಟು ಹೊತ್ತು ಅಣ್ಣ ನನ್ನ ಪಾಲಿಗೇ ಇದ್ದ. ಇದೇ ಸಮಯವೆಂದು ನಾನು ಎಲ್ಲ ಹೇಳಿದೆ. ಕಾಯಿದೆ ನನಗೆ ಬಾಯಿಪಾಠವಾಗಿದ್ದದ್ದು, ಅವನು ಕೇಳಿದಾಗ ಗೊತ್ತಿದ್ದೂ ಹಾಗೆ ಹೇಳಿದ್ದು, ಶನಿವಾರ ತಿಳಿಸದೆ ಬಿಟ್ಟದ್ದು, ನೀರಿಗೆ ಬಿದ್ದಾಗ ಕೈ ಚಾಚದಿದ್ದದ್ದು. ಇನ್ಸ್‌ಪೆಕ್ಟರು ಕೇಳಿದಾಗ ನೀನು ನನ್ನ ಹೆಸರು ಹೇಳಲಿಲ್ಲ ಅಣ್ಣ, ಅದನ್ನು ನಾನು ಮರೆತಿಲ್ಲ ಎಂದೆ.

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ.

"ನಿನ್ನ ಹತ್ತಿರ ಕೇಳಿದ್ದೆನಾ? ಎನಗೆ ನೆನಪಿಲ್ಲೆ, ಅಯ್ಯ."

ದಂಡೆಯ ಮೇಲೆ, ನೀವಿಬ್ಬರೂ ನಿಂತಿದ್ದಿರಿ ಎಂದು ನೆನಪಿಸಿದೆ. ಇದ್ದೀತು ಎಂದ. ಆ ದಿನಗಳಲ್ಲಿ ಕಂಡವರನ್ನೆಲ್ಲ ಕೇಳಿದ್ದನಂತೆ, ಬಟ್ಲರುಗಳನ್ನು, ದೋಣಿಮನೆಯ ಮುದುಕನನ್ನು, ಕೋರ್ಟಿನ ಹೊರಗೆ ಕೂರುವ ಅರ್ಜಿ ಬರೆಯುವವನನ್ನು ಕೂಡ. ಎಲ್ಲರೂ ನೀರಿಗೆ ಕಾನೂನಿಲ್ಲ ಎಂದೇ ಹೇಳಿದ್ದರಂತೆ. ಗಾಡಿಯವನೊಬ್ಬ ಮಾತ್ರ, ಸರ್ಕಾರ ನೀರನ್ನು ಬಿಡುತ್ತದಾ, ಬೇಡ ಕಣೋ ಎಂದಿದ್ದನಂತೆ. "ಅವನ ಮಾತು ಕೇಳಿದ್ದರೆ ಆಗಿತ್ತು" ಎಂದು ನಕ್ಕ. ನಾನು ಶನಿವಾರ ತಿಳಿಸದೆ ಹೋದದ್ದಕ್ಕೂ ಅವನಿಗೆ ಸಿಟ್ಟು ಬರಲಿಲ್ಲ. ನಿನ್ನ ಕೆಲಸ ನಿನಗೆ ಎಂದ. ನೀರಿಗೆ ಬಿದ್ದಾಗ ನಾನು ತಪಾಸಣೆಯ ದೋಣಿಯಲ್ಲಿದ್ದೆ ಎಂಬುದು ಕೂಡ ಅವನಿಗೆ ಮಸುಕುಮಸುಕಾಗಿತ್ತು.

ಬೈದಿದ್ದರೆ ಅನುಭವಿಸುತ್ತಿದ್ದೆ. ಹೊರಗೆ ಹೋಗು ಎಂದಿದ್ದರೆ ಹೋಗುತ್ತಿದ್ದೆ. ಅವನಿಗಾದ ಕೆಡುಕಿನಲ್ಲೂ ನನಗೊಂದು ಪಾಲಿರಲಿಲ್ಲ.

ಅಷ್ಟರಲ್ಲಿ ಗಾಡಿಯವನು ಬಂದ. ಅವನ ಮುರಿದ ಹಲ್ಲಿನ ಪಕ್ಕದ್ದೂ ಈಗ ಹೋಗಿತ್ತು. ಸರ್ಕಾರಿ ಕೈಬರಹದವರು ಸಿಕ್ಕಿದ್ದು ಒಳ್ಳೆಯದಾಯಿತು ಎಂದು, ಕಾಡಂಚಿನಲ್ಲಿ ಇಬ್ಬರ ಎತ್ತುಗಳೂ ಮೇಯುವುದಕ್ಕೆ ಅನುಮತಿ ಬೇಕು, ಒಂದು ಅರ್ಜಿ ಬರೆದುಕೊಡಿ ಸ್ವಾಮಿ ಎಂದು ಕೇಳಿದ. ಜಗಲಿಯ ಮೇಲೆ ಕೂತು ಬರೆದೆ. ನನ್ನ ಎಲ್ಲ ಅನುಭವ ಹಾಕಿ, ಒಂದು ಮಾತೂ ಜಾರದ ಹಾಗೆ ಬರೆದೆ. ನಾನು ಬರೆಯುವಷ್ಟು ಹೊತ್ತೂ ಅವರಿಬ್ಬರು ಕೊಟ್ಟಿಗೆಯ ಮುಂದೆ ನಿಂತು, ಎಡಗಡೆಯ ಎತ್ತು ಕುಂಟುವುದು ಲಾಳದಿಂದಲೋ ಸೋಮಾರಿತನದಿಂದಲೋ ಎಂದು ಜಗಳವಾಡುತ್ತಿದ್ದರು. ಮಧ್ಯಾಹ್ನದ ಮೇಲೆ ಊಟಿಗೆ ಹೋಗುವ ಲಾರಿಯೊಂದು ಸಿಕ್ಕಿತು. ಇಬ್ಬರೂ ರಸ್ತೆಯವರೆಗೆ ಬಂದು ಕಳುಹಿಸಿದರು.

ಎರಡು ತಿಂಗಳ ಮೇಲೆ ಅರ್ಜಿ ಮಂಜೂರಾಯಿತು. ಅದನ್ನು ತಿಳಿಸಿ ಹೋಗಲು ನನ್ನ ಕಚೇರಿಗೆ ಬಂದವನು ಗಾಡಿಯವನು. ಅಣ್ಣ ಯಾಕೆ ಬರಲಿಲ್ಲ ಎಂದು ಕೇಳಿದೆ. ಎತ್ತುಗಳನ್ನು ಒಬ್ಬರಾದರೂ ನೋಡಿಕೊಳ್ಳಬೇಕಲ್ಲ ಎಂದ.